ಹಲ್ಲಿಗಿಟ್ಟು ನೋಡಿದ ಪುಡಿ

ಅದು 1996. ಕಂಟೋನ್ಮೆಂಟಿನ ಒಂದು ಕಾಲೇಜಿನಲ್ಲಿ ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಬಾಣಸವಾಡಿಯಿಂದ ಎರಡು ಬಸ್ಸು ಹಿಡಿದು ಹೋಗುತ್ತಿದ್ದೆ. ಸೂಪರ್‌ಕಂಡಕ್ಟರ್ ಬಿಲ್ಲೆ ಮಾಡುವುದು ನನ್ನ ಪ್ರಾಜೆಕ್ಟು. ತುಂಬಾ ತಣ್ಣಗಾದಾಗ ವಿದ್ಯುತ್ತಿಗೆ ಒಂದಿಷ್ಟೂ ಅಡ್ಡಿ ಮಾಡದ, ಅಯಸ್ಕಾಂತವನ್ನು ತನ್ನ ಮೇಲೆ ತೇಲಿಸಿಕೊಳ್ಳುವ ವಸ್ತು ಅದು.

ಮೂರು ಪುಡಿಗಳನ್ನು ಬೆರೆಸಿ ಅರೆದು, ಕುಲುಮೆಯಲ್ಲಿ ಸುಟ್ಟು, ಮತ್ತೆ ಅರೆದು, ಬಿಲ್ಲೆ ಒತ್ತಿ ಇನ್ನೊಮ್ಮೆ ಸುಡಬೇಕು. ಎಲ್ಲವೂ ನಿಂತಿರುವುದು ಅರೆಯುವುದರ ಮೇಲೆ. ಪುಡಿ ತರಿತರಿಯಾಗಿದ್ದರೆ ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಕಪ್ಪು ಬಿಲ್ಲೆಯ ಮೇಲೆ ಪಾಚಿಯಂತೆ ಹಸಿರು ಕಲೆ ಏಳುತ್ತದೆ, ಅಯಸ್ಕಾಂತ ಅಲುಗುವುದೂ ಇಲ್ಲ. ಉಕ್ಕಿನ ಗುಂಡುಗಳ ಯಂತ್ರಕ್ಕೆ ಹಾಕಿದರೆ ನುಣ್ಣಗಾಗುತ್ತದೆ, ಆದರೆ ಕಬ್ಬಿಣ ಸೇರಿ ಗುಣವೇ ಕೆಡುತ್ತದೆ. ಹಾಗಾಗಿ ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಗಂಟೆಗಟ್ಟಲೆ ಕೈಯಲ್ಲೇ ಅರೆಯಬೇಕಿತ್ತು. ನನ್ನ ಮೂರು ಬಿಲ್ಲೆಗಳಿಗೂ ಪಾಚಿ ಹಿಡಿಯಿತು.

ನನ್ನ ಪಾಡು ನೋಡಿ ಮರುಗಿದವರು ಲ್ಯಾಬಿನ ಅಟೆಂಡರ್ ಮುನಿಯಮ್ಮ. ದೊಡ್ಡನೆಕ್ಕುಂದಿಯವರು. "ಅನ್ನ ಕಾಣ್ದೋಳ ಥರ ಅರೀತೀಯಲ್ಲವ್ವ. ಕೊಡಿಲ್ಲಿ, ರಾಗಿ ಬೀಸಿದ ಕೈ ಇದು" ಎಂದರು. ಅಟೆಂಡರುಗಳು ರಾಸಾಯನಿಕ ಮುಟ್ಟಕೂಡದೆಂದು ನಮ್ಮ ಗೈಡ್ ಕಟ್ಟಪ್ಪಣೆ ಮಾಡಿದ್ದರು. ಆದರೂ ನಾನು ಒರಳನ್ನು ಅವರ ಕೈಗೆ ಕೊಟ್ಟೆ. ಕೈ ಕೆಸರಾಗಿದ್ದು ಅವರದು, ಬಾಯಿ ಮೊಸರಾಗಿದ್ದು ನನ್ನದು.

ಅವರು ಒಂದೇ ಹದದಲ್ಲಿ ಅರೆದು, ನಡುನಡುವೆ ಚಿಟಿಕೆ ಪುಡಿಯನ್ನು ಮುಂದಿನ ಹಲ್ಲಿಗಿಟ್ಟು ನೋಡುತ್ತಿದ್ದರು. "ಇನ್ನೂ ಕರಕರ ಅಂತೈತೆ."

"ಅಯ್ಯೋ, ಬಾಯಿಗಿಡಬೇಡಿ, ಅದು ವಿಷ!" ಎಂದೆ.

"ಉಗುಳ್ತೀನಿ ಬಿಡವ್ವ. ಹಲ್ಲಿಗೆ ಗೊತ್ತಾಗೋದು ಕಣ್ಣಿಗೆ ಗೊತ್ತಾಯ್ತದಾ?"

ಅದರಲ್ಲಿದ್ದ ಬೇರಿಯಂ ಕಾರ್ಬೊನೇಟ್ ಇಲಿ ಪಾಷಾಣಕ್ಕೆ ಬಳಸುವಂಥದ್ದು. ಡಬ್ಬಿಯ ಮೇಲೆ ತಲೆಬುರುಡೆಯ ಗುರುತೂ ಇತ್ತು. ಆದರೆ ನನಗೆ ನುಣ್ಣನೆಯ ಪುಡಿ ಬೇಕಿತ್ತು. ಒರಳನ್ನು ವಾಪಸು ಕೇಳಲಿಲ್ಲ.

ಆ ಪುಡಿಯ ಬಿಲ್ಲೆ ಒಂದು ಕಲೆಯೂ ಇಲ್ಲದೆ ಕಪ್ಪಗೆ ಬಂತು. ಅದನ್ನು ಪರೀಕ್ಷಿಸಿದ ದಿನ ಬೆಳಗ್ಗೆಯಿಂದ ಮುನಿಯಮ್ಮ ಮುಂದಿನ ಬಿಲ್ಲೆಗಳಿಗೆಂದು ಇನ್ನೂ ದೊಡ್ಡ ಪಾಲನ್ನು ಅರೆದಿದ್ದರು. ಮಧ್ಯಾಹ್ನ ಅವರನ್ನೂ ಕರೆದೆ. ಥರ್ಮೋಕೋಲ್ ಬಟ್ಟಲಿಗೆ ದ್ರವ ಸಾರಜನಕ ಸುರಿದಾಗ ಬಿಳಿ ಹೊಗೆ ಮೇಜಿನಿಂದ ಕೆಳಗಿಳಿದು ನಮ್ಮ ಕಾಲ ಸುತ್ತ ಹರಡಿತು. ಅಯಸ್ಕಾಂತದ ಚೂರು ಬಿಲ್ಲೆಯ ಮೇಲೆ ಏನೂ ತಾಗದೆ ನಿಂತು, ತನ್ನಷ್ಟಕ್ಕೆ ನಿಧಾನ ತಿರುಗತೊಡಗಿತು. ನಾನು ಕುಣಿಯುವುದೊಂದು ಬಾಕಿ.

ಮುನಿಯಮ್ಮ ನಗಲಿಲ್ಲ. "ಕೆಳಗೆ ಯಾರವ್ವ ಹಿಡ್ಕೊಂಡವ್ರೆ?" ಎಂದು ಪಿಸುಗುಟ್ಟಿದರು.

"ನೀವೇ" ಎಂದು ರೇಗಿಸಿದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಗೆ ಹೋದರು.

ಮೂರು ಗಂಟೆಗೆ ವರಾಂಡದಲ್ಲಿ ಅವರು ವಾಂತಿ ಮಾಡಿಕೊಂಡು ಗೋಡೆಗೊರಗಿ ಕೂತಿದ್ದರು. ತುಟಿ ಜೋಮು ಹಿಡಿದಿದೆಯೆಂದರು. ಏಳಿ ಎಂದರೆ ಏಳಲಾಗಲಿಲ್ಲ.

"ಅದನ್ನ ಹಿಡ್ಕೊಂಡಿದ್ದೋರು ಈಗ ನನ್ನ ಕಾಲು ಹಿಡ್ಕೊಂಡವ್ರೆ. ಬಿಡ್ತಾ ಇಲ್ಲ."

ಹಾಡಹಗಲಲ್ಲೇ ನನ್ನ ಮೈ ಜುಮ್ಮೆಂದಿತು. ಅವರ ಕಾಲನ್ನು ಎತ್ತಿ ಕೈಬಿಟ್ಟೆ, ದೊಪ್ಪನೆ ಬಿತ್ತು. ಅದು ತಮ್ಮದೇ ಅಲ್ಲವೆಂಬಂತೆ ಅವರು ನೋಡುತ್ತಿದ್ದರು. ಗಾಳಿ ಸೋಕಿದೆಯೆಂದು ವಾಚ್‌ಮನ್ ನಿಂಬೆಹಣ್ಣು ತರಲು ಓಡಿದ. ನಾನೂ ಒಂದು ಗಳಿಗೆ ನಂಬಿಬಿಟ್ಟೆ.

ಆಟೋದಲ್ಲಿ ಶಿವಾಜಿನಗರದ ಆಸ್ಪತ್ರೆಗೆ ಕರೆದೊಯ್ದೆವು. ಹತ್ತಿರದಲ್ಲೇ ಕೆಲಸಕ್ಕಿದ್ದ ಅವರ ಮಗಳು ಲಕ್ಷ್ಮಿಯೂ ಓಡಿಬಂದಳು. ಏನು ತಿಂದಿದ್ದರೆಂದು ಡಾಕ್ಟರ್ ಕೇಳಿದಾಗ ಅವಳು, "ಮುದ್ದೆ, ಬಸ್ಸಾರು ಸಾರ್, ಅಷ್ಟೇ" ಎಂದಳು. ಡಾಕ್ಟರ್ ನನ್ನ ಕಡೆಗೂ ನೋಡಿದರು. ನನ್ನ ನಾಲಿಗೆಯ ತುದಿಯಲ್ಲೇ ಉತ್ತರವಿತ್ತು. ಹೇಳಿದರೆ ಗೈಡಿಗೆ ತಿಳಿಯುತ್ತದೆ, ಪ್ರಾಜೆಕ್ಟು ಹೋಗುತ್ತದೆ, ವರ್ಷವೇ ಹೋಗುತ್ತದೆ. ಅವರು ಉಗುಳಿದ್ದರಲ್ಲ, ಇದು ಬೇರೇನೋ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅರ್ಧ ಗಂಟೆ ಹಾಗೇ ಕಳೆಯಿತು.

"ಈಗ ಕೈನೂ ಹಿಡ್ಕೊಂಡ್ರು ಕಣೇ ಲಚ್ಚಿ" ಎಂದರು ಮುನಿಯಮ್ಮ. ಬೆರಳುಗಳು ಸೋತು ಹಾಸಿಗೆಯ ಮೇಲೆ ಬಿದ್ದಿದ್ದವು. ಸ್ವಲ್ಪ ಹೊತ್ತಿಗೆ ತುಟಿ ಅಲುಗಿತು, ಸ್ವರ ಬರಲಿಲ್ಲ. ಕಣ್ಣು ಮಾತ್ರ ತೆರೆದುಕೊಂಡೇ ಇತ್ತು. ಆ ಕಣ್ಣು ನನ್ನನ್ನೇ ನೋಡುತ್ತಿತ್ತು.

ನಾನು ಡಾಕ್ಟರ ಹಿಂದೆ ಓಡಿದೆ. "ಬೇರಿಯಂ ಸಾರ್, ಬೇರಿಯಂ ಕಾರ್ಬೊನೇಟ್. ಬೆಳಗ್ಗೆಯಿಂದ ಬಾಯಿಗಿಟ್ಟು ನೋಡ್ತಿದ್ರು."

ಅವರು ತಟ್ಟನೆ ತಿರುಗಿದರು. "ಗೊತ್ತಿದ್ದೂ ಇಷ್ಟೊತ್ತು ಏನ್ರೀ ಮಾಡ್ತಿದ್ರಿ?" ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಆ ವಿಷದಿಂದ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಮಾಂಸಖಂಡಗಳು ಸೋಲುತ್ತವಂತೆ. ಉಸಿರಾಟದ ಸರದಿ ಬರುವ ಮೊದಲೇ ಪೊಟ್ಯಾಸಿಯಂ ಡ್ರಿಪ್ ಏರಿಸಿದರು. ಮಾರನೆಯ ದಿನ ಬೆಳಗ್ಗೆ ಬೆರಳು ಆಡಿತು.

ಗೈಡ್ ಚೆನ್ನಾಗಿ ಉಗಿದರು, ಪ್ರಾಜೆಕ್ಟನ್ನು ಮೊದಲಿನಿಂದ ಮಾಡಿಸಿದರು. ವರ್ಷವೇನೂ ಹೋಗಲಿಲ್ಲ. ಇಷ್ಟಕ್ಕೆ ಹೆದರಿ ಒಂದು ಜೀವವನ್ನು ಅರ್ಧ ಗಂಟೆ ಕಾಯಿಸಿದ್ದೆನಲ್ಲ ಎಂದು ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಮುನಿಯಮ್ಮ ಈಗಿಲ್ಲ. ಅವರಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕನೆಯ ದಿನ ನೋಡಲು ಹೋದಾಗ ಅವರು ದಿಂಬಿಗೊರಗಿ ಕೂತಿದ್ದರು. ನನ್ನ ಕೈ ಹಿಡಿದುಕೊಂಡು ಪಕ್ಕದ ಹಾಸಿಗೆಯವರಿಗೆ ಕೇಳುವಂತೆ ಹೇಳಿದರು: "ಈ ಮಗು ಬಾಯಿ ಬಿಡ್ದೇ ಇದ್ದಿದ್ರೆ ನಾನು ಮಣ್ಣಾಗೋಗಿರ್ತಿದ್ದೆ."

ಲಕ್ಷ್ಮಿ ಕೈ ಮುಗಿದಳು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ಸಂಕೋಚ ಅಂದುಕೊಂಡರು.