ಉಪಾಸಕ್ಕ ನಡೀತದ

೧೯೮೬ ಆಗಸ್ಟ್ ೧೧, ಸೋಮವಾರ. ಬರೆಯಲು ಕೂತಾಗ ಮಧ್ಯಾಹ್ನ ಮೂರು ಗಂಟೆ.

ಶ್ರಾವಣ ಸೋಮವಾರವೆಂದು ಶಾಲೆಯನ್ನು ಅರ್ಧ ದಿನಕ್ಕೇ ಬಿಟ್ಟರು. ರಾಯಚೂರಿನ ಈ ನನ್ನ ಬಾಡಿಗೆ ಕೋಣೆಗೂ ಮನೆಯೊಡತಿಯ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಕಿಂಡಿ. ಆ ಕಿಂಡಿಯಿಂದ ಸಬ್ಬಕ್ಕಿಯ, ನಮ್ಮ ಕಡೆಯ ಸಾಬೂದಾಣಿಯ, ಒಗ್ಗರಣೆ ವಾಸನೆ ಬರುತ್ತಿದೆ. ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ, ಹುರಿದು ಕುಟ್ಟಿದ ಶೇಂಗಾ. ಮನೆಯೊಡತಿ ಮಟಮಾರಿಯ ಕಡೆಯವರು, ಇವತ್ತು ಅವರದು ಉಪವಾಸ. ಆಗಲೇ ಒಂದು ತಟ್ಟೆ ತುಂಬಿ ತಂದು, ನಾನು ಬೇಡವೆನ್ನುವ ಮೊದಲೇ ಮೇಜಿನ ಮೇಲಿಟ್ಟು, "ತಗೋರಿ ಟೀಚರ್, ಉಪಾಸಕ್ಕ ನಡೀತದ" ಎಂದು ಹೋದರು. ನನಗೆ ಉಪವಾಸವಿಲ್ಲ ಎಂದು ಹೇಳಲು ಅವಕಾಶವೇ ಸಿಗಲಿಲ್ಲ.

ಈ "ನಡೀತದ" ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಅತ್ತಿಗೆ ನೆನಪಾಗುತ್ತಾಳೆ. ನೆನಪಾಗುತ್ತಾಳೆ ಎಂದರೆ ಸ್ವಲ್ಪ ಸೌಮ್ಯವಾಯಿತು. ಹೊಟ್ಟೆಯೊಳಗೆ ಎಲ್ಲೋ ಒಂದು ಕಡೆ ಚುರ್ ಎನ್ನುತ್ತದೆ. ನಮ್ಮ ಭಾಷೆ ಮಾಡಿದವರು ಜಾಣರು. ಈ ಸಂಕಟಕ್ಕೆ ಎದೆಕಿಚ್ಚು ಎನ್ನಲಿಲ್ಲ, ತಲೆಕಿಚ್ಚು ಎನ್ನಲಿಲ್ಲ, ಹೊಟ್ಟೆಕಿಚ್ಚು ಎಂದರು.

ಅತ್ತಿಗೆ ಬರುವ ಮುಂಚೆ ಮಾನ್ವಿಯ ನಮ್ಮ ಮನೆಯಲ್ಲಿ ನಾನು ಏನಾಗಿದ್ದೆ ಎನ್ನುವುದನ್ನು ಹೇಳಿದರೆ ನಿಮಗೆ ಉಳಿದದ್ದು ತಿಳಿಯುತ್ತದೆ. ಅಪ್ಪನದು ಅಕ್ಕಿ ಗಿರಣಿ. ಚೀಕಲಪರ್ವಿಯಿಂದ, ಹೊಳೆಸಾಲಿನ ಇನ್ನುಳಿದ ಊರುಗಳಿಂದ ಬಂಡಿಗಟ್ಟಲೆ ಭತ್ತ ಬರುತ್ತಿತ್ತು. ಅಕ್ಕಿಯ ನಡುವೆಯೇ ಬದುಕುವ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಉಣ್ಣಬೇಕು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಅಪ್ಪ ಎತ್ತರದ ಆಳು, ಅಗಲವೂ ಆಗುತ್ತಿದ್ದರು. ರಾತ್ರಿ ಊಟವಾದ ಮೇಲೆ ಎದೆಯುರಿ ಎಂದು ಕುರ್ಚಿಯಲ್ಲೇ ಒರಗಿರುತ್ತಿದ್ದರು. ನಾನಾಗ ಹೈಸ್ಕೂಲಿನ ಕೊನೆಯ ವರ್ಷ. ಗೃಹವಿಜ್ಞಾನದ ಪಾಠದಲ್ಲಿ ಓದಿದ್ದನ್ನೆಲ್ಲ ದೇವವಾಕ್ಯವೆಂದು ನಂಬಿದ್ದೆ. ಬೆಳಗಿನ ಉಪಾಹಾರ ತಪ್ಪಿಸಿದರೆ ಶಕ್ತಿ ಕುಂದುತ್ತದೆ, ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನಬೇಕು, ಹೊಟ್ಟೆ ಬರಿದಾಗಲು ಬಿಡಬಾರದು. ಅಪ್ಪನಿಗಾಗಿ ಒಂದು ದೊಡ್ಡ ಹಾಳೆಯ ಮೇಲೆ ಕೆಂಪು ಗೆರೆ ಎಳೆದು ವೇಳಾಪಟ್ಟಿ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಏಳಕ್ಕೆ ಹಾಲು, ಎಂಟೂವರೆಗೆ ಉಪ್ಪಿಟ್ಟು, ಹನ್ನೊಂದಕ್ಕೆ ಹಣ್ಣು, ಹೀಗೆ ರಾತ್ರಿ ಮಲಗುವವರೆಗೆ. ಅಪ್ಪ ಗಿರಣಿಯಿಂದ ಬಂದವರೇ ಮೊದಲು ನನ್ನನ್ನು ಕೇಳುತ್ತಿದ್ದರು: "ತಂಗೀ, ಈಗ ನಾ ಏನು ಉಣ್ಣಬೇಕವ್ವಾ?"

ಅವ್ವ ಇದ್ದಳು, ಅಣ್ಣ ಇದ್ದ. ಆದರೂ ಅಪ್ಪ ಕೇಳುತ್ತಿದ್ದುದು ನನ್ನನ್ನು. ಆ ಪ್ರಶ್ನೆ ನನ್ನ ಪಾಲಿನ ಆಸ್ತಿ ಎಂದೇ ತಿಳಿದಿದ್ದೆ.

ಎಪ್ಪತ್ತೊಂಬತ್ತರ ಯುಗಾದಿ ಕಳೆದ ಮೇಲೆ ಅಣ್ಣನ ಮದುವೆಯಾಗಿ ಅತ್ತಿಗೆ ಬಂದಳು. ದೇವದುರ್ಗದ ಕಡೆ, ಗಬ್ಬೂರಿನ ಹುಡುಗಿ, ಹೆಸರು ನೀಲಮ್ಮ. ನನಗಿಂತ ಮೂರೇ ವರ್ಷ ದೊಡ್ಡವಳು. ಜೋಳದ ಊರಿನವಳು ಅನ್ನದ ಊರಿಗೆ ಬಂದಿದ್ದಾಳೆ, ಒಳ್ಳೇದಾಯಿತು, ಇನ್ನಾದರೂ ಮೈ ಹಿಡಿಯುತ್ತಾಳೆ ಎಂದು ಓಣಿಯ ಹೆಂಗಸರು ಅಂದುಕೊಂಡರು. ಆಕೆ ಮೊದಲ ದಿನವೇ ನನ್ನ ಗೋಡೆಯ ಪಟ್ಟಿಯ ಮುಂದೆ ನಿಂತು ನಿಧಾನಕ್ಕೆ ಓದಿ, "ಇಷ್ಟೆಲ್ಲಾ ಒಬ್ಬರಿಗೇನು?" ಎಂದು ಕೇಳಿದಳು. ಕುಹಕವಲ್ಲ, ನಿಜವಾಗಿಯೇ ಕೇಳಿದ್ದು. ಅದೇ ನನಗೆ ಹೆಚ್ಚು ಚುಚ್ಚಿತು.

ಆಕೆ ಮುಂಜಾನೆ ಏನೂ ತಿನ್ನುತ್ತಿರಲಿಲ್ಲ. ಹನ್ನೆರಡರ ಹೊತ್ತಿಗೆ ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ. ಮತ್ತೆ ದೀಪ ಹಚ್ಚುವ ಮುಂಚೆ ಇನ್ನೊಮ್ಮೆ. ನಡುವೆ ನೀರು. ಸೋಮವಾರ ಬಂತೆಂದರೆ ಮಧ್ಯಾಹ್ನದ್ದೂ ಇಲ್ಲ, ಸಂಜೆಯ ಒಂದೇ ಊಟ, ಅದಕ್ಕೆ ಒಪ್ಪತ್ತು ಎನ್ನುತ್ತಿದ್ದಳು. ಇಷ್ಟರ ಮೇಲೆ ನೀರು ಸೇದುವುದು, ರೊಟ್ಟಿ ಬಡಿಯುವುದು, ಒರಳಿನ ಕೆಲಸ ಎಲ್ಲವೂ ಆಕೆಯದೇ. ನನ್ನ ಪಾಠದ ಪ್ರಕಾರ ಆಕೆ ಮಧ್ಯಾಹ್ನದೊಳಗೆ ಬವಳಿ ಬಂದು ಬೀಳಬೇಕಿತ್ತು. ನಾನು ಕಾದೆ. ವಾರಗಟ್ಟಲೆ ಕಾದೆ. ಕದ್ದು ತಿನ್ನುತ್ತಿರಬಹುದೆಂದು ರೊಟ್ಟಿಬುಟ್ಟಿಯನ್ನು ಬೆಳಿಗ್ಗೆ ಒಮ್ಮೆ ಎಣಿಸಿ, ಶಾಲೆಯಿಂದ ಬಂದು ಇನ್ನೊಮ್ಮೆ ಎಣಿಸಿದೆ. ಯಾರು ಯಾವಾಗ ಏನು ತಿಂದರು ಎಂದು ನಾನು ಬರೆದಿಡುತ್ತಿದ್ದ ಡೈರಿಯಲ್ಲಿ ಆಕೆಯ ಹೆಸರಿನ ಕೆಳಗೆ ಬೇರೆ ಸಾಲು ಹಾಕಿದೆ. ಮಧ್ಯಾಹ್ನದ ಊಟದ ಲೆಕ್ಕ ಬಿಟ್ಟರೆ ಒಂದು ರೊಟ್ಟಿಯೂ ಕಡಿಮೆಯಾಗಲಿಲ್ಲ. ಆಕೆ ಬೀಳಲೂ ಇಲ್ಲ.

ಅವ್ವ ನೆರೆಯವರ ಮುಂದೆ ಹೇಳತೊಡಗಿದಳು, ಒಮ್ಮೆ ಉಂಡವ ಯೋಗಿ, ಎರಡು ಸಲ ಉಂಡವ ಭೋಗಿ, ಮೂರು ಸಲ ಉಂಡವ ರೋಗಿ ಎಂದು. ಈ ಮಾತು ಅವ್ವನಿಗೆ ಮೊದಲೂ ಗೊತ್ತಿತ್ತಲ್ಲ, ನಾನು ಪಟ್ಟಿ ಅಂಟಿಸುವಾಗ ಯಾಕೆ ನೆನಪಾಗಲಿಲ್ಲ ಎನ್ನುವುದು ನನಗೆ ಇವತ್ತಿಗೂ ಬಿಡಿಸದ ಲೆಕ್ಕ.

ಆದರೆ ಅವ್ವನ ಮಾತಿಗೆ ನಾನು ಅಷ್ಟು ಕುದಿಯಲಿಲ್ಲ. ಒಂದು ಸಂಜೆ ಅಪ್ಪ ಗಿರಣಿಯಿಂದ ಬೇಗ ಬಂದು, ಕಾಲು ತೊಳೆದು, ನನ್ನನ್ನು ದಾಟಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅತ್ತಿಗೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಅಪ್ಪ ಕೇಳಿದರು: "ನೀಲಮ್ಮಾ, ಈಗ ಉಂಡುಬಿಡಲೇನವ್ವಾ? ರಾತ್ರಿಗೆ ಬ್ಯಾಡ ಅಂತೀ ಏನು?"

ನಾನು ಅಲ್ಲೇ ಪಡಸಾಲೆಯಲ್ಲಿ ಓದುತ್ತ ಕೂತಿದ್ದೆ. ಅಪ್ಪ ಆ ದಿನದಿಂದ ಹೊತ್ತು ಮುಳುಗುವ ಮುಂಚೆ ಉಂಡು ರಾತ್ರಿಯ ಊಟ ಬಿಟ್ಟರು. ಮುಂಜಾನೆಯ ಉಪ್ಪಿಟ್ಟು ತಾನಾಗಿಯೇ ಬಿಟ್ಟುಹೋಯಿತು. ಒಂದೆರಡು ತಿಂಗಳಲ್ಲಿ ಎದೆಯುರಿಯ ಮಾತೇ ಇಲ್ಲ. ನನ್ನ ಪಟ್ಟಿಯ ಒಂದು ಮೂಲೆ ಒಲೆಯ ಹೊಗೆಗೆ ಬಿಟ್ಟುಕೊಂಡು ನೇತಾಡುತ್ತಿತ್ತು. ಒಂದು ದಿನ ನೋಡುತ್ತೇನೆ, ಆ ಹಾಳೆಯಲ್ಲಿ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕಟ್ಟಿಟ್ಟಿದ್ದಾರೆ. ಕಟ್ಟಿದ್ದು ಅವ್ವ. ಸಿಟ್ಟು ಬಂದದ್ದು ಅತ್ತಿಗೆಯ ಮೇಲೆ.

ಆಗ ನಾನು ಒಂದು ಯೋಚನೆ ಮಾಡಿದೆ. ಆಕೆಯ ಆಟವನ್ನೇ ಆಡಿ ಗೆಲ್ಲಬೇಕು. ಶ್ರಾವಣ ಬಂತು. ಆಕೆ ಸೋಮವಾರ ಒಂದೇ ಹಿಡಿದಿದ್ದಳು, ನಾನು ಸೋಮವಾರ, ಗುರುವಾರ, ಶನಿವಾರ ಮೂರನ್ನೂ ಹಿಡಿದೆ. ಅಪ್ಪನಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿಯೇ ಹಿಡಿದೆ.

ಈಗ ನಮ್ಮ ಕಡೆಯ ಉಪವಾಸದ ಕಾನೂನು ನಿಮಗೆ ಗೊತ್ತಿರಬಹುದು. ಅಕ್ಕಿ, ಜೋಳ, ಗೋಧಿ ಮುಟ್ಟಬಾರದು. ಆದರೆ ಸಾಬೂದಾಣಿ ನಡೆಯುತ್ತದೆ. ಶೇಂಗಾ ನಡೆಯುತ್ತದೆ, ಬೆಲ್ಲ ನಡೆಯುತ್ತದೆ, ಎರಡೂ ಸೇರಿ ಉಂಡೆಯಾದರೆ ಇನ್ನೂ ಚೆನ್ನಾಗಿ ನಡೆಯುತ್ತದೆ. ಗೆಣಸು, ಬಾಳೆಹಣ್ಣು, ಹಾಲು, ಸಕ್ಕರೆ ಹಾಕಿದ ಚಹಾ, ಎಲ್ಲ ನಡೆಯುತ್ತವೆ. ನಾನು ಡೈರಿಯ "ಊಟ" ಎಂಬ ಕಡೆ ಗೀಟು ಎಳೆದು, ಇಲ್ಲ ಎಂದು ಬರೆದು, ಶೇಂಗಾ ಉಂಡೆಯ ಡಬ್ಬಿಗೆ ಕೈ ಹಾಕುತ್ತಿದ್ದೆ. ಇದರಲ್ಲಿ ನನಗೆ ಮೋಸವೇನೂ ಕಾಣಿಸಲಿಲ್ಲ. ದೇವರೇ ಒಪ್ಪಿದ ಮೇಲೆ ಹೊಟ್ಟೆಯದೇನು? ಅತ್ತಿಗೆ ಮಾತ್ರ ಸಂಜೆವರೆಗೆ ನೀರು ಕುಡಿದುಕೊಂಡಿರುವಳು. ಆಕೆಗೆ ಕಾನೂನು ಗೊತ್ತಿಲ್ಲ, ಹಳ್ಳಿಯವಳು ಎಂದುಕೊಂಡೆ.

ಪ್ರತಿ ರವಿವಾರ ಗಿರಣಿಯ ಕಾಟಾದ ಮೇಲೆ, ಚೀಲ ತೂಗುವ ಹಲಗೆಯಲ್ಲಿ, ನಿಂತು ತೂಕ ನೋಡಿಕೊಳ್ಳುವುದು ನನ್ನ ರೂಢಿ. ಕಾಟಾ ನೋಡುತ್ತಿದ್ದವನು ಹಮಾಲಿ ಹುಸೇನಪ್ಪ. ಶ್ರಾವಣ ಮುಗಿದ ರವಿವಾರ ಮುಳ್ಳು ಎರಡು ಕಿಲೋ ಮುಂದೆ ಹೋಗಿ ನಿಂತಿತು. ಕಾಟಾ ಕೆಟ್ಟಿರಬೇಕು ಎಂದೆ. ಹುಸೇನಪ್ಪ ಒಂದು ತೂಕದ ಕಲ್ಲನ್ನು ಇಟ್ಟು ತೋರಿಸಿದ, ಕೆಟ್ಟಿರಲಿಲ್ಲ. ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಉಪಾಸ ಇದ್ರ ಪುಣ್ಯ ಕೂಡತದ ಅಂತಾರಲ್ರೀ ಅಕ್ಕಾರ, ಅದರ ತೂಕ ಇರಬೇಕು ಬಿಡ್ರಿ" ಎಂದ. ಚೀಲ ಹೊರುತ್ತಿದ್ದವರೆಲ್ಲ ನಿಂತು ನಕ್ಕರು. ಅಪ್ಪ ಗದ್ದಿಗೆಯ ಮೇಲೆ ಕೂತು ತಲೆ ತಗ್ಗಿಸಿ ಮೀಸೆಯೊಳಗೇ ನಕ್ಕರು. ಅದನ್ನೂ ನೋಡಿದೆ.

ಆ ಚಳಿಗಾಲದಲ್ಲಿ ಅತ್ತಿಗೆ ಬಸುರಿ ಎಂದು ಗೊತ್ತಾಯಿತು. ಅವ್ವನ ಯೋಗಿ ಭೋಗಿ ಎಲ್ಲ ಒಂದೇ ದಿನದಲ್ಲಿ ಮಾಯ. ಇಬ್ಬರ ಊಟ ಉಣ್ಣಬೇಕು ಎಂದು ಮುಂಜಾನೆ ಹಾಲು, ಆಮೇಲೆ ತುಪ್ಪದ ಅನ್ನ, ನಡುವೆ ಅಂಟಿನುಂಡಿ. ಅತ್ತಿಗೆ ಸೋಮವಾರವನ್ನು ಸದ್ದಿಲ್ಲದೆ ಬಿಟ್ಟಳು. ನಾನು ಬಿಡಲಿಲ್ಲ. ಈಗ ಉಪವಾಸದ ಹೆಸರು ಪೂರ್ತಿ ನನಗೇ ಬರುತ್ತದೆ ಎಂಬ ಆಸೆ. ಉಂಡೆ, ಸಾಬೂದಾಣಿ ಬಿಟ್ಟು, ನಿಜವಾಗಿಯೇ ನೀರು ಕುಡಿದುಕೊಂಡು ಇದ್ದೆ. ಒಂದು ದಿನ ಹಿತ್ತಲಲ್ಲಿ ಬಟ್ಟೆ ಹಿಂಡುವಾಗ ಕಣ್ಣಿಗೆ ಕತ್ತಲೆ ಬಂದು ಕೂತುಬಿಟ್ಟೆ. ನೋಡಿದವಳು ಅತ್ತಿಗೆ ಒಬ್ಬಳೇ. ತನಗೆ ಕೊಟ್ಟ ಹಾಲನ್ನು ತಂದು ನನ್ನ ಕೈಯಲ್ಲಿಟ್ಟಳು. ನನಗೆ ಬೇಡ, ನಿನ್ನಷ್ಟು ನನಗೂ ಇರಲು ಬರುತ್ತದೆ ಎಂದೆ.

ಆಕೆ ನನ್ನ ಪಕ್ಕದ ಕಲ್ಲಿನ ಮೇಲೆ ಕೂತಳು. "ನಿನಗ ದಿನಾ ಮುಂಜಾನಿ ಹಾಲು ಕೈಯಾಗ ಕೊಡೋರು ಯಾರು?" ಎಂದು ಕೇಳಿದಳು.

"ಅವ್ವ."

"ನನಗ ಯಾರೂ ಕೊಟ್ಟಿಲ್ಲ. ನಮ್ಮನ್ಯಾಗ ಮುಂಜಾನಿ ರೊಟ್ಟಿ ಹೊಲಕ್ಕ ಹೋಗೋರಿಗೆ ಅಷ್ಟ. ಕೇಳಿದ್ರ ಬೈತಿದ್ರು. ಬ್ಯಾಡ ಅಂದ್ರ, ಎಷ್ಟು ಚಲೋ ಹುಡುಗಿ ಅಂತಿದ್ರು. ಅದಕ್ಕ ಬ್ಯಾಡ ಅನ್ನೋದು ಕಲತೆ. ಆಮ್ಯಾಲ ರೂಢಿ ಆತು, ಮೈಗೂ ಒಗ್ಗಿತು. ಇಲ್ಲಿ ಮಾವಾರು ಬಂದು ಕೇಳಿದಾಗ ನನಗ ಅಂಜಿಕಿ ಬಂತು. ನಾ ಏನು ಡಾಕ್ಟರಾ? ನಿನ್ನಂಗ ಓದಿದ್ರ ನಾನೂ ಪಟ್ಟಿ ಬರದು ಗ್ವಾಡಿಗೆ ಹಚ್ಚತಿದ್ದೆ."

ನನಗೆ ಕರುಣೆ ಬರಬೇಕಿತ್ತು. ಬಂತು ಕೂಡ, ಆದರೆ ಅದರ ಜೊತೆಗೇ ಇನ್ನೊಂದು ಬಂತು. ಅಷ್ಟು ದಿನ ನಾನು ಏನನ್ನು ಗೆಲ್ಲಲು ಹೋಗಿದ್ದೆನೋ ಅದು ಆಕೆಗೆ ಒಂಬತ್ತೋ ಹತ್ತೋ ವರ್ಷದವಳಿದ್ದಾಗಲೇ ಒಲಿದಿತ್ತು. ಬೇಕಾಗಿಯಲ್ಲ, ಬೇರೆ ದಾರಿಯಿಲ್ಲದೆ. ನನಗೆ ಆ ಹಸಿವಿನ ಮೇಲೂ ಹೊಟ್ಟೆಕಿಚ್ಚಾಯಿತು. ಹಾಲು ಕುಡಿದೆ. ಅರ್ಧ ಆಕೆಗೆ ಉಳಿಸಿದೆನೆಂದು ಬರೆಯಲು ಆಸೆಯಿದೆ, ಆದರೆ ಪೂರ್ತಿ ಕುಡಿದೆ.

ಆಕೆ ಹೆರಿಗೆಗೆಂದು ಗಬ್ಬೂರಿಗೆ ಹೋದಳು. ಈಗಲಾದರೂ ಅಪ್ಪ ನನ್ನನ್ನು ಕೇಳುತ್ತಾರೆಂದು ಕಾದೆ. ಅಪ್ಪ ಹೊತ್ತು ಮುಳುಗುವ ಮುಂಚೆ ತಾವೇ ತಾಟು ಹಾಕಿಕೊಂಡು ಕೂತರು. ನಾನು ಬಡಿಸುತ್ತ, ಅತ್ತಿಗೆ ಇಲ್ಲವಲ್ಲ, ಇನ್ನೂ ಯಾಕೆ ಆಕೆಯ ಹೇಳಿಕೆ ಎಂದೆ. ಅಪ್ಪ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಮೊದಲೇ ತಿಳಿದಿತ್ತೇನೋ.

"ಅಕಿ ಹೇಳಿದ್ದಲ್ಲ ತಂಗೀ. ಹಸಿದು ಉಂಡ್ರ ನನಗ ಹಗುರ ಅನಸತದ. ನಿನ್ನ ಪಟ್ಟ್ಯಾಗ ಎಲ್ಲಾ ಇತ್ತವ್ವಾ, ಹಸಿಯಾಕ ಒಂದು ತಾಸು ಇರಲಿಲ್ಲ."

ಅಷ್ಟೇ ಹೇಳಿ ಮಜ್ಜಿಗೆ ಕೇಳಿದರು. ಆ ಪ್ರಶ್ನೆ ಮತ್ತೆ ನನ್ನ ಕಡೆ ಬರಲಿಲ್ಲ. ಅದು ಅತ್ತಿಗೆಯ ಕಡೆಗೂ ಹೋಗಲಿಲ್ಲ, ಅಪ್ಪ ತಮ್ಮ ಹೊಟ್ಟೆಯನ್ನೇ ಕೇಳತೊಡಗಿದ್ದರು. ಅದೂ ನನಗೆ ಸಮಾಧಾನ ಕೊಡಲಿಲ್ಲ.

ಈಗ ನಾನೂ ಎರಡೇ ಹೊತ್ತು ಉಣ್ಣುತ್ತೇನೆ, ಮುಂಜಾನೆ ಹನ್ನೊಂದರ ಬಿಡುವಿನಲ್ಲಿ ಒಮ್ಮೆ, ಸಂಜೆ ಒಮ್ಮೆ. ಯಾರನ್ನೂ ಸೋಲಿಸಲು ಅಲ್ಲ, ನನಗೆ ಹಸಿವಾಗುವುದೇ ಆಗ. ನನ್ನ ತರಗತಿಯ ಮಕ್ಕಳಿಗೆ ಮಾತ್ರ ಮುಂಜಾನೆ ಉಂಡು ಬನ್ನಿ ಎಂದೇ ಹೇಳುತ್ತೇನೆ. ಅವರಲ್ಲಿ ಕೆಲವರು ಏನೂ ತಿನ್ನದೆ ಬರುವುದು ಬೇಡವಾಗಿ ಅಲ್ಲ ಎಂದು ಗೊತ್ತಿದೆ.

ಇದನ್ನೆಲ್ಲ ಇವತ್ತೇ ಬರೆಯಲು ಕಿಂಡಿಯ ವಾಸನೆಯೊಂದೇ ಕಾರಣವಲ್ಲ. ಮೊನ್ನೆ ಶನಿವಾರ ಅತ್ತಿಗೆ ಇಲ್ಲಿಗೆ ಬಂದಿದ್ದಳು, ಅಣ್ಣನ ಜೊತೆ, ಡಾಕ್ಟರಿಗೆ ತೋರಿಸಲು. ಇಬ್ಬರು ಮಕ್ಕಳ ತಾಯಿ ಈಗ. ಮೈ ಬಂದಿದೆ, ಮೊಣಕಾಲು ನೋವು, ಮೆಟ್ಟಿಲು ಹತ್ತಿ ಬಂದವಳೇ ಗೋಡೆ ಹಿಡಿದು ಕೂತಳು. ಡಾಕ್ಟರು ತೂಕ ಇಳಿಸು ಎಂದಷ್ಟೇ ಹೇಳಿ ಕಳಿಸಿದ್ದರಂತೆ. ಅಣ್ಣ ಔಷಧಿ ತರಲು ಹೋದಾಗ, ನನ್ನ ಚಾಪೆಯ ಮೇಲೆ ಕಾಲು ನೀವಿಕೊಳ್ಳುತ್ತ ಹೇಳಿದಳು: "ಬಸುರಿದ್ದಾಗ ಎಲ್ಲಾರೂ ಕೈಯಾಗ ಕೊಟ್ಟು ತಿನಿಸಿದ್ರು ನೋಡು, ಆ ರುಚಿ ಹೋಗವಲ್ದು. ಈಗ ಹಸಿವಿ ಇಲ್ದನೂ ತಿಂತೀನಿ. ಮದಲಿನಂಗ ಬಿಡಾಕ ಹೋದ್ರ ಸಣ್ಣಾಕಿದ್ದಾಗಿಂದು ನೆನಪಾಗಿ ಅಳು ಬರತದ. ನೀ ಓದಿದಾಕಿ. ನಾ ಏನು ಉಣ್ಣಲಿ, ಹೇಳು."

ಏಳು ವರ್ಷ ನಾನು ಕಾದಿದ್ದ ಪ್ರಶ್ನೆ ಅದು. ಕೇಳಬೇಕಾದವರು ಕೇಳಲಿಲ್ಲ, ನಾನು ಯಾರ ಮೇಲೆ ಕುದಿದೆನೋ ಆಕೆಯೇ ಕೇಳಿದಳು. ಬಾಯಿ ತೆರೆದೆ. ಪಾಠದ ಸಾಲು ನೆನಪಾಯಿತು, ಅವ್ವನ ಗಾದೆ ನೆನಪಾಯಿತು, ಎರಡನ್ನೂ ಆಕೆಯ ಮುಂದೆ ಹೇಳಲಾಗಲಿಲ್ಲ. ನನಗೆ ಒಗ್ಗಿದ ಎರಡು ಹೊತ್ತು ಆಕೆಗೆ ಒಗ್ಗೀತೆಂದು ಹೇಗೆ ಹೇಳಲಿ? ಆಕೆಗೆ ಅದು ಬರೀ ಊಟದ ಹೊತ್ತಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ. ನಂಬಿಕೊಂಡು ಬಸ್ಸು ಹತ್ತಿದಳು.

ಆದ್ದರಿಂದ ಓದುವ ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ಬರೆಯಿರಿ. ನಿಮ್ಮ ಮನೆಯ ಹೆಂಗಸರು ಯಾವಾಗ ಉಣ್ಣುತ್ತಿದ್ದರು, ಹಸಿದು ಬೆಳೆದವರು ಯಾರಾದರೂ ಮುಂದೆ ತಾವಾಗಿಯೇ, ಅಳದೆ, ಒಂದು ಹೊತ್ತು ಬಿಡಲು ಕಲಿತರೇ, ಕಲಿತದ್ದು ಹೇಗೆ? ಡಾಕ್ಟರಾಗಿದ್ದರೆ ಇನ್ನೂ ಒಳ್ಳೆಯದು. ಪತ್ರ ಮಾತ್ರ ಈ ಪತ್ರಿಕೆಯ ವಿಳಾಸಕ್ಕೆ, ನನ್ನ ಹೆಸರಿಗೇ ಇರಲಿ. ದಯವಿಟ್ಟು ಅತ್ತಿಗೆಗೆ ನೇರವಾಗಿ ಬರೆಯಬೇಡಿ. ಆಕೆ ಕೇಳಿದ್ದು ನನ್ನನ್ನು.