ಕರೆಂಟಿನ ಹೊತ್ತಿಗೆ ಶಾಲೆ ತೆರೆಯುವ ಕದಿರಮ್ಮ

ಮರಿಗುಂಟೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಬೀಗ ತೆಗೆಯುವಾಗ ಇನ್ನೂ ಆರು ಗಂಟೆಯಾಗಿಲ್ಲ. ಜನವರಿಯ ಚಳಿಗೆ ಜಗಲಿಯ ಮೇಲೆ ಹದಿನಾರು ಮಕ್ಕಳು ಮುದುಡಿ ಕೂತಿದ್ದಾರೆ. ಒಬ್ಬನ ಮೈಮೇಲೆ ಅಪ್ಪನ ಟವೆಲ್ಲು, ಇನ್ನೊಬ್ಬಳಿಗೆ ಅವ್ವನ ಹಳೇ ಸೀರೆ, ಮತ್ತಿಬ್ಬರು ಒಂದೇ ಗೋಣಿಚೀಲದೊಳಗೆ. ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದ ಕದಿರಮ್ಮ ಟೀಚರ್ ಸಾಲಾಗಿ ಎಲ್ಲರ ಕೈ ನೋಡುತ್ತಾರೆ.

"ಎಮ್ಮೆ ಆಲು ಕರ್ದು ಅಂಗೇ ಬಂದ್ಬಿಟ್ಯೇನ್ಲಾ? ಬೆರಳೆಲ್ಲ ಜಿಡ್ಡು. ಓಗು, ಬೂದಿ ಆಕಿ ತೊಳ್ಕೊಂಡು ಬಾ."

ಕೈ ತೋರಿಸಿ ಗೆದ್ದವರು ಒಳಗೆ ಹೋಗಿ ನೆಲದ ಮೇಲೆ ಕೂರುತ್ತಾರೆ. ಮೇಜಿನ ಮೇಲೆ ಒಂದು ಕಂಪ್ಯೂಟರ್, ಪಕ್ಕದಲ್ಲಿ ಒಂದು ಸ್ಟೆಬಿಲೈಸರ್. ಮಕ್ಕಳ ಕಣ್ಣೆಲ್ಲ ಮಾತ್ರ ಸೂರಿನಿಂದ ನೇತಾಡುವ ಬಲ್ಬಿನ ಮೇಲೆ. ಆರು ಗಂಟೆ ಐದು ನಿಮಿಷಕ್ಕೆ ಅದು ಕೆಂಪಗೆ ಮಿಣುಕಿ ಹೊತ್ತಿಕೊಳ್ಳುತ್ತದೆ. "ಬಂತು ಮಿಸ್!" ಎಂದು ಹದಿನಾರು ಗಂಟಲು ಒಟ್ಟಿಗೆ ಕೂಗುತ್ತವೆ. ಕದಿರಮ್ಮ ಸ್ವಿಚ್ಚು ಹಾಕಿ ಮೊದಲ ಹುಡುಗಿಯನ್ನು ಕುರ್ಚಿಗೆ ಕರೆಯುತ್ತಾರೆ.

ಕಾಮಸಮುದ್ರದಿಂದ ಮೂರು ಮೈಲಿ ದೂರದ ಈ ಹಳ್ಳಿಗೆ ಕರೆಂಟು ಬರುವುದು ಬೆಳಗ್ಗೆ ಆರರಿಂದ ಎಂಟೂಕಾಲರವರೆಗೆ, ಮತ್ತೆ ಕತ್ತಲಾದ ಮೇಲೆ. ಶಾಲೆಯ ಗಂಟೆ ಬಾರಿಸುವ ಹತ್ತಕ್ಕೆ ತಂತಿಯಲ್ಲಿ ಏನೂ ಇರುವುದಿಲ್ಲ. ಅದಕ್ಕೇ ಕದಿರಮ್ಮನ ಕಂಪ್ಯೂಟರ್ ಪಾಠ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಒಂದು ಮಗುವಿಗೆ ಎಂಟು ನಿಮಿಷ, ದಿನಕ್ಕೆ ಹದಿನಾರು ಮಕ್ಕಳು. ನಾಲ್ಕು ಮತ್ತು ಐದನೇ ತರಗತಿ ಸೇರಿ ನಲವತ್ತೇಳು ಮಕ್ಕಳಿರುವುದರಿಂದ ಒಬ್ಬರ ಸರದಿ ಮೂರು ದಿನಕ್ಕೊಮ್ಮೆ. ಸರದಿಯ ಪಟ್ಟಿಯನ್ನು ಬಾಗಿಲ ಹಿಂದೆ ಅಂಟಿಸಲಾಗಿದೆ. ಕಳೆದ ಒಂದೂಕಾಲು ವರ್ಷದಲ್ಲಿ ಈ ಪಟ್ಟಿ ತಪ್ಪಿದ್ದು ಕರೆಂಟು ಕೈಕೊಟ್ಟ ದಿನ ಮಾತ್ರ.

ಕದಿರಮ್ಮನಿಗೆ ಈಗ ನಲವತ್ತೊಂದು. ಬೂದಿಕೋಟೆ ಕಡೆಯ ಕೂಲಿ ಮನೆಯ ಮಗಳು. ಅವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತು ಓದಿಸಿದರು. ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನಾಲ್ಕು ವರ್ಷ ಬಂಗಾರಪೇಟೆಯಲ್ಲಿ ಟೈಪಿಂಗ್ ಕಲಿತು, ಜೂನಿಯರ್, ಸೀನಿಯರ್ ಎರಡೂ ಪಾಸಾದರು. ಆ ಟೈಪಿಂಗೇ ಅವರನ್ನು ಇಲ್ಲಿಗೆ ತಂದು ನಿಲ್ಲಿಸಿದೆ. ತೊಂಬತ್ತಾರರಲ್ಲಿ ತಾಲೂಕಿನ ಹನ್ನೆರಡು ಪ್ರಾಥಮಿಕ ಶಾಲೆಗಳಲ್ಲಿ ಹೊಸ ಕಂಪ್ಯೂಟರ್ ಪಠ್ಯವನ್ನು ಪ್ರಯೋಗ ಮಾಡುವುದೆಂದು ತೀರ್ಮಾನವಾದಾಗ, ಟೈಪ್ ಬಲ್ಲ ಶಿಕ್ಷಕರು ಯಾರೆಂದು ಹುಡುಕಿದ ಮೇಲಿನವರಿಗೆ ಇವರ ಹೆಸರು ಸಿಕ್ಕಿತು.

ತರಬೇತಿ ಹತ್ತು ದಿನ. ಮೂವತ್ತು ಜನ ಶಿಕ್ಷಕರಿಗೆ ಎರಡು ಯಂತ್ರ. ಗಂಡಸರು ಸುತ್ತ ನಿಂತರೆ ಹಿಂದಿನವರಿಗೆ ತೆರೆಯೂ ಕಾಣುತ್ತಿರಲಿಲ್ಲ. "ಒಂಬತ್ತು ದಿನ ನಾನು ಅವರ ಬೆನ್ನುಗಳ್ನೇ ನೋಡಿದ್ದು ಸಾರ್," ಎನ್ನುತ್ತಾರೆ ಕದಿರಮ್ಮ. "ಅತ್ತನೇ ದಿನ ಬೆಳಗ್ಗೆ ಏಳಕ್ಕೇ ಓಗಿ ಕುರ್ಚಿ ಮೇಲೆ ಕೂತ್ಕೊಂಡೆ. ಎಬ್ಬಿಸಾಕ್ ಬಂದ್ರು. ಸಾಯಂಕಾಲದ್ವರ್ಗೂ ಏಳಾಕಿಲ್ಲ ಅಂದೆ. ಏಳ್ಲೂ ಇಲ್ಲ."

ಪಠ್ಯಪುಸ್ತಕ ಜೂನ್‌ನಲ್ಲಿ ಬಂತು, ಕಂಪ್ಯೂಟರ್ ಬರಲಿಲ್ಲ. ಪುಸ್ತಕದ ಮೊದಲ ಪಾಠ ಯಂತ್ರದ ಭಾಗಗಳು. ಮಾನಿಟರ್ ಎಂದು ಓದಿದ ಕೂಡಲೇ ತರಗತಿಯೆಲ್ಲ ಹಿಂದಿನ ಸಾಲಿನ ಕ್ಲಾಸ್ ಮಾನಿಟರ್ ಹುಡುಗನ ಕಡೆ ತಿರುಗಿ ನಕ್ಕಿತು. ಯಂತ್ರ ಕಾಣದ ಮಕ್ಕಳಿಗೆ ಬಾಯಿಪಾಠ ಮಾಡಿಸಲು ಕದಿರಮ್ಮನಿಗೆ ಮನಸ್ಸಾಗಲಿಲ್ಲ. ಜಗಲಿಯ ಕಲ್ಲುಚಪ್ಪಡಿಗಳ ಮೇಲೆ ಸುಣ್ಣದಲ್ಲಿ ದೊಡ್ಡದೊಂದು ಕೀಬೋರ್ಡ್ ಬರೆದರು. ಮಕ್ಕಳು ಕುಂಟಾಬಿಲ್ಲೆಯಂತೆ ಒಂದಕ್ಷರದಿಂದ ಇನ್ನೊಂದಕ್ಷರಕ್ಕೆ ಕುಪ್ಪಳಿಸಿ ತಮ್ಮ ಹೆಸರು 'ಹೊಡೆದರು'. ಇಂಗ್ಲಿಷ್ ಪಾಠ ಇನ್ನೂ ಶುರುವಾಗಿರದ ನಾಲ್ಕನೇ ತರಗತಿಯವರಿಗೆ ಎ ಬಿ ಸಿ ಡಿ ಬರುವ ಮೊದಲೇ ಕ್ಯೂ ಡಬ್ಲ್ಯು ಇ ಆರ್ ಬಂತು. ಪುಸ್ತಕದಲ್ಲಿ ಕಂಪ್ಯೂಟರಿನ ತೆರೆಯ ಮೇಲೆ ಒಂದು ಆಮೆಯನ್ನು ನಡೆಸುವ ಪಾಠವಿದೆ. ಇಷ್ಟು ಹೆಜ್ಜೆ ಮುಂದೆ, ಇಷ್ಟು ಬಲಕ್ಕೆ ಎಂದು ಅಪ್ಪಣೆ ಕೊಟ್ಟರೆ ಅದು ಗೆರೆ ಎಳೆಯುತ್ತದೆ. ಕದಿರಮ್ಮ ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಅವನನ್ನೇ ಆಮೆ ಮಾಡಿದರು. ಉಳಿದವರು ಕನ್ನಡ, ತೆಲುಗು ಎರಡರಲ್ಲೂ ಅಪ್ಪಣೆ ಕೂಗಿ ಅವನನ್ನು ಶಾಲೆಯ ಬಾಗಿಲಿಂದ ಬೋರ್‌ವೆಲ್ಲಿನವರೆಗೆ ನಡೆಸಿದರು. ಒಂದು ಹೆಜ್ಜೆ ಲೆಕ್ಕ ತಪ್ಪಿದರೂ ಅವನು ಬಚ್ಚಲು ಗುಂಡಿಗೆ.

"ಯೇಳೋದು ತಪ್ಪಿದ್ರೆ ಆಗೋದೂ ತಪ್ತದೆ. ಅದೇ ಪಾಠ," ಎನ್ನುತ್ತಾರೆ ಟೀಚರ್. "ಮಿಷನ್ನು ಅಂದ್ರೇನು ಅಂತ ಅವರಿಗೆ ಆ ಗುಂಡೀನೇ ಯೇಳ್ಕೊಡ್ತು."

ಆಗಸ್ಟ್‌ನಲ್ಲಿ ಕಂಪ್ಯೂಟರ್ ಬಂತು. ಬಂದ ದಿನವೇ ಆಫೀಸ್ ಕೋಣೆಯೊಳಗೆ ಹೋಗಿ, ಪ್ಲಾಸ್ಟಿಕ್ ಕವರು ಹೊದ್ದು, ಬೀಗದೊಳಗೆ ಕೂತಿತು. ಹೆಡ್ಮಾಸ್ಟರ್ ಕೋದಂಡಪ್ಪ ಕೆಟ್ಟ ಮನುಷ್ಯರಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು, ಮೂವತ್ತಾರು ವರ್ಷದ ಸರ್ವೀಸಿಗೆ ಕೊನೇ ಗಳಿಗೆಯಲ್ಲಿ ಕಪ್ಪುಚುಕ್ಕೆ ಹತ್ತಿಸಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. "ಮಕ್ಕಳು ಮುಟ್ಟಿ ಕೆಟ್ಟೋದ್ರೆ ಯಾರಮ್ಮ ಜವಾಬು ಯೇಳೋರು?" ಎಂದು ಅವರು ಕೇಳಿದರು. ಆಯುಧಪೂಜೆಗೆ ಯಂತ್ರಕ್ಕೆ ಕುಂಕುಮ ಇಟ್ಟು ಮತ್ತೆ ಬೀಗ ಹಾಕಿದರು. ಮರುದಿನ ಕದಿರಮ್ಮ ಒಂದು ಬಿಳಿ ಹಾಳೆಯ ಮೇಲೆ 'ಈ ಯಂತ್ರಕ್ಕೆ ಏನೇ ಆದರೂ ಜವಾಬ್ದಾರಿ ನನ್ನದು, ಹೆಡ್ಮಾಸ್ಟರದ್ದಲ್ಲ' ಎಂದು ಬರೆದು ಸಹಿ ಹಾಕಿ ಅವರ ಮುಂದಿಟ್ಟರು. ಕೋದಂಡಪ್ಪ ಅದನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟು, ಬೀಗದ ಕೈ ಕೊಟ್ಟರು.

ಆಗ ಎದುರಾದದ್ದು ಕರೆಂಟು. ಹತ್ತರಿಂದ ಐದರವರೆಗೆ ಯಂತ್ರ ಕಲ್ಲು. ಬೆಳಗಿನ ಹೊತ್ತು ನಡೆಸಿದರೆ ವೋಲ್ಟೇಜು ಕುಣಿದು ಮೂರನೇ ದಿನಕ್ಕೇ ಸ್ಟೆಬಿಲೈಸರ್ ಸುಟ್ಟು ವಾಸನೆ ಬಂತು. ರಿಪೇರಿಯವರು ಬೆಂಗಳೂರಿಂದ ಬರಲು ಎರಡು ತಿಂಗಳಾಗಬಹುದು ಎಂಬ ಉತ್ತರ ಬಂತು. ಕದಿರಮ್ಮ ಅದನ್ನು ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದರು. ಇಳಿದದ್ದು ಚಿನ್ನದ ಗಣಿಯ ಕಾರ್ಮಿಕರಿರುವ ಚಾಂಪಿಯನ್ ರೀಫ್ಸ್‌ನಲ್ಲಿ, ಪೆರುಮಾಳ್ ಮನೆ ಮುಂದೆ. ಪೆರುಮಾಳ್ ಇಪ್ಪತ್ತೆಂಟು ವರ್ಷ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು.

"ಎನ್ನಮ್ಮಾ ಇದು!" ಎಂದು ನಕ್ಕರಂತೆ ಅವರು. "ಭೂಮಿ ಒಳಗೆ ಒಂದು ಮೈಲಿ ಕೆಳಗೆ ಲೈಟು ಹಾಕಿದವನು ನಾನು. ಈ ಡಬ್ಬ ನನಗೆ ಹೆದರಬೇಕು, ನಾನು ಇದಕ್ಕಲ್ಲ." ಸಂಜೆಯೊಳಗೆ ಕಾಯಿಲ್ ಬದಲಿಸಿ ಕೊಟ್ಟರು. ಮುಂದಿನ ಭಾನುವಾರ ತಾವೇ ಮರಿಗುಂಟೆಗೆ ಬಂದು, ಗೋಡೆ ಪಕ್ಕ ಗುಂಡಿ ಅಗೆದು, ಇದ್ದಿಲು, ಉಪ್ಪು ತುಂಬಿ ಅರ್ತಿಂಗ್ ಕೊಟ್ಟರು. ಅವತ್ತಿನಿಂದ ಸ್ಟೆಬಿಲೈಸರ್ ಮತ್ತೆ ಸುಟ್ಟಿಲ್ಲ.

ಹೀಗೆ ನವೆಂಬರ್ ಹೊತ್ತಿಗೆ ಬೆಳಗಿನ ಪಾಠ ಒಂದು ಹದಕ್ಕೆ ಬಂದಿತ್ತು. ಆಗಲೇ ಆ ಜೀಪು ಬಂದದ್ದು. ಕರೆಂಟಿಲ್ಲದ ಹಳ್ಳಿಗಳಲ್ಲಿ ಯಂತ್ರಗಳು ಸುಮ್ಮನೆ ಬಿದ್ದಿವೆ, ಅವನ್ನು ಪಟ್ಟಣದ ಶಾಲೆಗೆ ಸಾಗಿಸಬೇಕು ಎಂಬ ಆದೇಶ ಹಿಡಿದು ಒಬ್ಬ ಅಧಿಕಾರಿ, ಜೊತೆಗೆ ಹೊರಲು ಇಬ್ಬರು ಆಳು. ಹೊತ್ತು ಹನ್ನೊಂದೂವರೆ. ಕೋದಂಡಪ್ಪ ಆದೇಶ ನೋಡಿ ಸುಮ್ಮನೆ ಕುರ್ಚಿಯಲ್ಲಿ ಕೂತರು. ಕದಿರಮ್ಮ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತರು.

"ಎಲ್ಲಿ ನೋಡೋಣ, ನಡೆಸಿ ತೋರಿಸಿ," ಎಂದರು ಅಧಿಕಾರಿ.

"ಈಗ ಕರೆಂಟಿಲ್ಲ ಸಾರ್. ನಾಳೆ ಬೆಳಗ್ಗೆ ಆರಕ್ಕೆ ಬನ್ನಿ."

"ಆರು ಗಂಟೆಗೆ ಯಾವ ಊರಲ್ಲಮ್ಮ ಶಾಲೆ ನಡೆಯುತ್ತೆ?"

"ನಮ್ಮೂರಾಗ್ ನಡೀತದೆ."

ಮಾತು ಬೆಳೆಯಿತು. ಸುದ್ದಿ ಹೊಲಕ್ಕೆ ಹೋಯಿತು. ರಾಗಿ ಕುಯ್ಯುತ್ತಿದ್ದ ಹೆಂಗಸರು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಮುಂದೆ ಬಂದವರು ಅಶ್ವತ್ಥಮ್ಮ, ಕೂಲಿಯಾಳು, ನಾಲ್ಕನೇ ತರಗತಿಯ ಅಮ್ಮಾಜಿಯ ತಾಯಿ. ಕದಿರಮ್ಮನನ್ನು ಪಕ್ಕಕ್ಕೆ ಸರಿಸಿ ಆಕೆ ಹೊಸ್ತಿಲ ಮೇಲೆ ಕೂತೇಬಿಟ್ಟರು.

"ಸ್ವಾಮಿ, ನಾಳೀಕ್ ನನ್ ಮಗಳ ಸರದಿ ಐತೆ. ಅದು ಆಗೋಗ್ಲಿ, ಆಮೇಕೆ ನೋಡಾನ."

ಹಿಂದಿನಿಂದ ಇನ್ನೊಂದು ದನಿ ಬಂತು: "ನಾಡಿದ್ದು ನಮ್ಮುಡುಗಂದು!" ಅದರ ಹಿಂದೆ ಮತ್ತೊಂದು.

ಅಧಿಕಾರಿ ಬೆವರೊರೆಸಿಕೊಂಡು, "ಆಯ್ತಮ್ಮ, ಈ ಸರದಿಯೆಲ್ಲ ಮುಗಿಯೋದು ಯಾವತ್ತು, ಅದನ್ನಾದರೂ ಹೇಳಿ," ಎಂದರು.

"ಮುಗಿಯಾಕಿಲ್ಲ ಸಾರ್," ಎಂದರು ಕದಿರಮ್ಮ. "ಸರದಿ ಅಂದ್ಮೇಲೆ ತಿರುಗಿ ಬತ್ತದೆ."

ಒಂದು ಗಂಟೆ ಕಾದು ಜೀಪು ಬರಿದಾಗಿಯೇ ಹೋಯಿತು. ವಾರದೊಳಗೆ ನೋಟಿಸು ಬಂತು: ಮೇಲಧಿಕಾರಿಯ ಆದೇಶ ಧಿಕ್ಕರಿಸಿದ್ದಕ್ಕೆ ಏಳು ದಿನದಲ್ಲಿ ಸಮಜಾಯಿಷಿ ಕೊಡತಕ್ಕದ್ದು. ಪರಿಚಯದವರೆಲ್ಲ ಕ್ಷಮೆ ಕೇಳಿ ಬರೆಯಲು ಹೇಳಿದರು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿರುವ ಗಂಡ ಮಾತ್ರ "ನಿನಗೆ ಸರಿ ಕಂಡದ್ದು ಬರಿ" ಎಂದರು. ಕದಿರಮ್ಮ ಬರೆದದ್ದು ಒಂದೇ ಸಾಲು: 'ಮಕ್ಕಳು ಕಲಿಯುತ್ತಿರುವುದರಿಂದ ಯಂತ್ರವನ್ನು ಕೊಡಲಿಲ್ಲ.'

ಒಂದು ವರ್ಷದ ಇಂಕ್ರಿಮೆಂಟು ನಿಂತಿತು. ಬೆಳಗಿನ ಪಾಠ ನಿಲ್ಲಲಿಲ್ಲ.

ಆ ದಿನಗಳಲ್ಲಿ ಹೆದರಿಕೆ ಆಗಲಿಲ್ಲವೇ ಎಂದು ಕೇಳುತ್ತೇನೆ. ಕದಿರಮ್ಮ ಮರೆಮಾಚುವುದಿಲ್ಲ. "ಆಯ್ತು ಸಾರ್. ಸಸ್ಪೆಂಡ್ ಮಾಡ್ತಾರೆ ಅಂತ ಮೂರು ದಿನ ಅನ್ನ ಇಳೀಲಿಲ್ಲ. ಆದ್ರೆ ನಮ್ಮವ್ವ ನೆನಪಾದ್ಲು. ನಾನು ಐದನೇ ಕ್ಲಾಸ್ನಾಗಿದ್ದಾಗ ಹೊಲದ ಯಜಮಾನ್ರು, ಮಗಳ್ನೂ ಕಳೆಗೆ ಕಳ್ಸು ಅಂದಿದ್ರು. ಕಳ್ಸಾಕಿಲ್ಲ ಅಂದ್ಲು ಅವ್ವ. ಆ ವರ್ಷ ಆ ಹೊಲದಾಗೆ ಅವಳಿಗೆ ಕೆಲ್ಸಾನೇ ಕೊಡ್ಲಿಲ್ಲ. ಅವಳು ಬ್ಯಾರೆ ಊರಿಗೆ ನಡ್ಕೊಂಡ್ ಓಗಿ ಕೂಲಿ ಮಾಡಿದ್ಲು. ಅವಳು ಬಗ್ಗಿದ್ರೆ ನಾನಿಲ್ಲಿ ಇರ್ತಿದ್ನಾ?"

ಮರುವರ್ಷ ಆ ಅಧಿಕಾರಿಗೆ ವರ್ಗವಾಯಿತು. ಪ್ರಯೋಗದ ವರದಿ ಬರೆಯಲು ಹೊಸಬರೊಬ್ಬರು ಬಂದರು. ಅವರು ಹಿಂದಿನ ದಿನವೇ ಕಾಮಸಮುದ್ರದಲ್ಲಿ ಉಳಿದು, ಬೆಳಗ್ಗೆ ಐದೂಮುಕ್ಕಾಲಿಗೆ ಜಗಲಿಯ ಮೇಲೆ ಮಕ್ಕಳ ನಡುವೆ ಕೂತಿದ್ದರು. ಕೈ ತೋರಿಸು ಎಂದಾಗ ಅವರೂ ತೋರಿಸಿದರಂತೆ. ಎಂಟೂಕಾಲರವರೆಗೆ ಎಲ್ಲ ನೋಡಿದರು. ಅಮ್ಮಾಜಿ ಆಮೆ ನಡೆಸಿ ಮನೆ, ಮನೆ ಪಕ್ಕ ಬಾವಿ ಬರೆದಳು. ಕೊನೆಗೆ ಅವರು ಆಕೆಯನ್ನು ಕೇಳಿದರು: "ಈ ಕಂಪ್ಯೂಟರ್ ಏನೇನು ಮಾಡುತ್ತೆ ಪುಟ್ಟಿ?"

ಹುಡುಗಿ ಹೇಳಿದಳು: "ಅದೇನೂ ಮಾಡಲ್ಲ ಸಾರ್. ನಾವು ಯೇಳಿದ್ದು ಮಾಡ್ತದೆ."

ಹನ್ನೆರಡು ಶಾಲೆಗಳ ವರದಿಯಲ್ಲಿ ಮರಿಗುಂಟೆಯ ಬಗ್ಗೆ ಹೀಗೊಂದು ವಾಕ್ಯವಿದೆ: 'ಕೀಬೋರ್ಡಿನ ಕೀಲಿಗಳ ಮೇಲಿನ ಅಕ್ಷರ ಸವೆದಿರುವುದು ಈ ಒಂದು ಶಾಲೆಯಲ್ಲಿ ಮಾತ್ರ.' ಬೆಳಗಿನ ತರಗತಿಗೆ ಲಿಖಿತ ಅನುಮತಿಯೂ ಬಂದಿದೆ. ನಿಂತುಹೋದ ಇಂಕ್ರಿಮೆಂಟು ಬಂದಿಲ್ಲ. ಅದನ್ನು ಕೇಳಿ ಅರ್ಜಿ ಹಾಕಿದ್ದೀರಾ ಎಂದರೆ ಟೀಚರ್ ಇಲ್ಲವೆಂದು ತಲೆಯಾಡಿಸುತ್ತಾರೆ. ಅವರು ಹಾಕುತ್ತಿರುವ ಅರ್ಜಿಯೇ ಬೇರೆ.

ಈ ಯಂತ್ರಕ್ಕೆ ಕನ್ನಡ ಬರುವುದಿಲ್ಲ. ಕನ್ನಡ ಅಕ್ಷರ ಮೂಡಿಸುವ ಪ್ರೋಗ್ರಾಂ ಬೆಂಗಳೂರಿನಲ್ಲಿ ಸಿಗುತ್ತದೆ ಎಂದು ತರಬೇತಿಯಲ್ಲಿ ಯಾರೋ ಹೇಳಿದ್ದರು. ಅದನ್ನು ಕಳಿಸಿಕೊಡಿ ಎಂದು ಕದಿರಮ್ಮ ತಿಂಗಳಿಗೊಂದು ಕಾಗದ ಬರೆಯುತ್ತಿದ್ದಾರೆ. ಒಂಬತ್ತಾಗಿವೆ. ಉತ್ತರ ಒಂದಕ್ಕೂ ಇಲ್ಲ.

ಅಷ್ಟೊಂದು ಹಟ ಯಾಕೆ ಎಂದು ಕೇಳುತ್ತೇನೆ. ಅವರು ಅಶ್ವತ್ಥಮ್ಮನ ಮಾತು ಹೇಳುತ್ತಾರೆ. ಸಾಕ್ಷರತೆ ಚಳವಳಿ ನಡೆದಾಗ ಈಕೆಗೆ ಅಕ್ಷರ ಕಲಿಸಿದ್ದು ಕದಿರಮ್ಮನೇ; ಈಗ ಬಸ್ಸಿನ ಬೋರ್ಡು ತಡವರಿಸದೆ ಓದುತ್ತಾರೆ.

"ಒಂದಿನ ಬೆಳಗ್ಗೆ ಆಯಮ್ಮ ಕೂಲೀಗ್ ಓಗೋ ದಾರೀನಾಗೆ ಮಗಳು ಕಲಿಯೋದು ನೋಡಾಕೆ ಒಳೀಕ್ ಬಂದ್ಲು. ಅಮ್ಮಾಜಿ ಅವ್ವನ ಹೆಸ್ರು ಹೊಡೆದು ತೋರಿಸ್ತು, ಇಂಗ್ಲಿಷ್‌ನಾಗೆ. ಆಯಮ್ಮ ತೆರೆ ಅತ್ರ ಓಗಿ ನೋಡಿ ನೋಡಿ, 'ಇದು ನಾನೇನಾ ಟೀಚರಮ್ಮ?' ಅಂತ ನನ್ನ ಕೇಳಿದ್ಲು. ಊಂ ಕಣಮ್ಮ, ನೀನೇ, ಅಂದೆ. ನಾನ್ಯಾಕ್ ಸಾರ್ ಯೇಳ್ಬೇಕು? ಕನ್ನಡ ಓದಾಕ್ ಬತ್ತದೆ ಆಯಮ್ಮನಿಗೆ. ಅವಳೇ ಓದ್ಬೇಕು. ಓದೋವರ್ಗೂ ನಾನು ಕಾಗದ ಬರೀತಾನೇ ಇರ್ತೀನಿ."