ಕಾದ ಜಗತಿಯ ಮೇಲೆ ಬರಿಗಾಲು

ಅರಸೀಕೆರೆಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಹೆಂಗಸಾದ್ದರಿಂದ ಟಿಕೆಟ್ಟಿಗೆ ಕಾಸು ಕೊಡಬೇಕಿಲ್ಲ. ಮಡಿಲಲ್ಲಿ ಕರಪತ್ರಗಳ ಕಟ್ಟು. ಭೂಮಿಯೇ ಬಿಸಿಯಾಗುತ್ತಿದೆ ಎಂದು ಸರ್ಕಾರ ಬಿಸಿಲಿನಿಂದ ಜನರನ್ನು ಕಾಪಾಡುವ ಯೋಜನೆ ಮಾಡಿತ್ತು. ಹಂಚುವ ಕೆಲಸ ನರ್ಸ್ ಆದ ನನ್ನ ತಲೆಗೆ ಬಂದಿತ್ತು. ‘ಹನ್ನೆರಡರಿಂದ ಮೂರರವರೆಗೆ ಹೊರಗೆ ಹೋಗಬೇಡಿ’ ಎಂಬ ಉಪದೇಶವನ್ನು ಆ ಹೊತ್ತಿನಲ್ಲೇ ಹೊರಗೆ ನಿಂತು ಹಂಚಬೇಕು! ಜಾವಗಲ್ಲಿನಲ್ಲಿ ಇಡ್ಲಿ ತಿನ್ನುವಷ್ಟರಲ್ಲೇ ಬೆವರಿಳಿಯಿತು.

ಮೊದಲು ಬೇಲೂರು ಮುಗಿಸಿ, ಹದಿನಾರು ಕಿಲೋಮೀಟರ್ ಹಿಂದಕ್ಕೆ ಬಂದು ಹಳೇಬೀಡಿನಲ್ಲಿ ಇಳಿದಾಗ ಒಂದು ಗಂಟೆ. ಗುಡಿ ನಿಂತ ಕಲ್ಲಿನ ಜಗತಿಯ ಮೇಲೆ ಪ್ರವಾಸಿಗರು ಚಪ್ಪಲಿ ಬಿಟ್ಟು ತುದಿಗಾಲಲ್ಲಿ ಓಡುತ್ತಿದ್ದರು. ಅವರ ನಡುವೆ ಗೈಡ್ ಶಿವಲಿಂಗಯ್ಯನವರು ಮಾತ್ರ ಬರಿಗಾಲಲ್ಲಿ ನಿಶ್ಚಿಂತೆಯಿಂದ ನಿಂತು ಶಿಲ್ಪ ತೋರಿಸುತ್ತಿದ್ದರು. ಅರವತ್ತರ ಆಸುಪಾಸಿನವರು. ಕರಪತ್ರ ಕೊಟ್ಟರೆ ನಕ್ಕರು.

“ಮೊದ್ಲು ನಂಗೂ ಸುಡ್ತಿತ್ತು ಕಣಮ್ಮ. ಈಗ ವರ್ಸ ವರ್ಸ ಕಲ್ಲು ಜಾಸ್ತಿ ಕಾಯ್ತೈತೆ, ಆದ್ರೆ ನನ್ ಕಾಲು ಪಳಗೈತೆ. ಬಿಸಿನೇ ಗೊತ್ತಾಗಲ್ಲ.”

ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದೆ. ಇದೆ, ಮಾತ್ರೆ ನೆನಪಾದಾಗ ನುಂಗುತ್ತೇನೆ ಎಂದರು. ಮರದ ನೆರಳಿಗೆ ಕರೆದು ಕೂರಿಸಿ ಪಾದ ಎತ್ತಿ ನೋಡಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಹಸಿ ಗಾಯವಾಗಿತ್ತು. ಅವರಿಗೆ ಅದರ ಸುಳಿವೇ ಇರಲಿಲ್ಲ.

ಮುಚ್ಚುಮರೆ ಮಾಡದೆ ಹೇಳಿದೆ: ಕಾಲು ಪಳಗಿದ್ದಲ್ಲ, ಸಕ್ಕರೆ ಕಾಯಿಲೆಯಿಂದ ಸ್ಪರ್ಶವೇ ಸತ್ತಿದೆ, ಈ ಗಾಯ ಕೊಳೆತರೆ ಪಾದ ಉಳಿಯುವುದು ಕಷ್ಟ. ಅವರು ಜಗತಿಯ ಮೇಲೆ ತುದಿಗಾಲಲ್ಲಿ ಓಡುತ್ತಿದ್ದವರತ್ತ ನೋಡಿದರು.

“ಜನ ಕುಣಿಯೋದ ನೋಡಿ ನಗ್ತಿದ್ದೆ,” ಎಂದರು. “ಅವರ್ದೇ ಒಳ್ಳೆ ಕಾಲು.”

ಗಾಯ ತೊಳೆದು ಪಟ್ಟಿ ಕಟ್ಟಿದೆ. ಕಾಲುಚೀಲವನ್ನಾದರೂ ಹಾಕಿಕೊಳ್ಳಿ ಎಂದರೆ ಒಪ್ಪಲಿಲ್ಲ. ಇಷ್ಟು ವರ್ಷ ದೇವರ ಮುಂದೆ ಬರಿಗಾಲಲ್ಲೇ ನಡೆದಿದ್ದೇನೆ ಎಂದರು. ಮೇಲೆ ಹತ್ತದಿದ್ದರೆ ಕೆಲಸವೇ ಇಲ್ಲವಲ್ಲ ಎಂಬ ಚಿಂತೆ ಬೇರೆ. ಸಂಜೆ ಮಗಳೊಂದಿಗೆ ಆಸ್ಪತ್ರೆಗೆ ಹೋಗುವುದಾಗಿ ಮಾತು ಕೊಟ್ಟರು. ನನ್ನ ಕರಪತ್ರದಲ್ಲಿ ನೀರು, ಕೊಡೆ, ಮಜ್ಜಿಗೆ ಎಲ್ಲ ಇತ್ತು; ಬರಿಗಾಲಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಾಚಿಕೆಯಾಯಿತು. ಗುಡಿಗಳಲ್ಲಿ ತೆಂಗಿನ ನಾರಿನ ಚಾಪೆ ಹಾಸಬೇಕೆಂದು ವರದಿಯಲ್ಲಿ ಬರೆಯಲು ಗುರುತು ಹಾಕಿಕೊಂಡೆ.

ಮೂರೂವರೆಗೆ ಬಸ್ಸಿಗೆ ಹೊರಟವಳು ತಿರುಗಿ ನೋಡಿದೆ. ಹೊಸ ತಂಡವೊಂದು ಜಗತಿ ಹತ್ತಿತ್ತು. ಶಿವಲಿಂಗಯ್ಯನವರು ಮಾತ್ರ ಮೇಲೆ ಹತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಕೆಳಗಿನ ಹುಲ್ಲಿನಲ್ಲಿ ನಿಂತು, ತಮಗೆ ಕಾಣದ ಮೂಲೆಯ ಶಿಲ್ಪಗಳನ್ನೂ ನೆನಪಿನಿಂದಲೇ ಹೇಳುತ್ತಿದ್ದರು. ನಡುವೆ ಮಾತು ನಿಲ್ಲಿಸಿ, ತಂಡಕ್ಕೆ ಕೇಳುವಂತೆ ಕೂಗಿದರು:

“ಕಾಲು ಸುಟ್ರೆ ಇಳಿದ್ಬಿಡಿ. ನಾಚ್ಕೋಬ್ಯಾಡಿ.”